ಕಿರಣಕ್ಕೂ ಗಳಿಗೆಯುಂಟೆ?

ವೇಣೂರಿನವರಿಗೆ ಕಾಲಗಣನೆ ಹೊಸದಲ್ಲ. ಫಲ್ಗುಣಿ ನದಿಯ ದಡದಲ್ಲಿ ೧೬೦೪ರಲ್ಲಿ ಅಜಿಲ ವಂಶದ ತಿಮ್ಮಣ್ಣರಸನು ನಿಲ್ಲಿಸಿದ ಗೊಮ್ಮಟನಿಗೆ ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕ. ೨೦೧೨ರಲ್ಲಿ ಒಂದು ನಡೆಯಿತು, ೨೦೨೪ರಲ್ಲಿ ಮತ್ತೊಂದು. ಸೂರ್ಯ ಮುಳುಗುವ ಮುನ್ನ ಊಟ ಮುಗಿಸುವುದು ಇಲ್ಲಿಯ ಜೈನ ಮನೆತನಗಳ ನೇಮ. ಮದುವೆ, ಗೃಹಪ್ರವೇಶಗಳ ಮಾತು ಬಂದರಂತೂ ಪಂಚಾಂಗ ತೆರೆಯದ ಮನೆಯಿಲ್ಲ.

ಇಂತಹ ಊರಿನ ಒಂದು ಕುಟುಂಬವನ್ನು ವಾಚಕರು ಊಹಿಸಿಕೊಳ್ಳಲಿ. ಮನೆಯ ಯಜಮಾನರ ಮಿದುಳಿನಲ್ಲಿ ಗಡ್ಡೆಯಿದೆಯೆಂದು ತಿಳಿದು, ಶಸ್ತ್ರಕ್ರಿಯೆಯೂ ಮುಗಿದಿದೆ. ಇನ್ನು ವಿಕಿರಣ ಚಿಕಿತ್ಸೆ ಆಗಬೇಕು. ಆಸ್ಪತ್ರೆಯಿಂದ ಬಂದ ಚೀಟಿಯಲ್ಲಿ ಮೊದಲ ದಿನದ ವೇಳೆ ಬರೆದಿದೆ: ಮಂಗಳವಾರ, ಮಧ್ಯಾಹ್ನ ಮೂರೂವರೆ. "ಅದು ರಾಹುಕಾಲವಲ್ಲವೇನೋ?" ಎಂದು ಅಜ್ಜಿ ಕೇಳುತ್ತಾರೆ. ಕಾಲೇಜಿನಲ್ಲಿ ಓದುವ ಮೊಮ್ಮಗ ನಗುತ್ತಾನೆ. ಆದರೆ ಅದೇ ರಾತ್ರಿ ಅವನು ಎಲ್ಲಿಯೋ ಓದಿದ ಒಂದು ಮಾತು ಅವನ ನಿದ್ದೆಯನ್ನು ಕೆಡಿಸುತ್ತದೆ. ಮಧ್ಯಾಹ್ನಕ್ಕಿಂತ ಬೆಳಗ್ಗೆ ಕೊಟ್ಟ ಕಿರಣವೇ ಹೆಚ್ಚು ಫಲಕಾರಿಯಂತೆ! ಅಜ್ಜಿಯ ಪ್ರಶ್ನೆಗೂ ಮೊಮ್ಮಗನ ಪ್ರಶ್ನೆಗೂ ಮೂಲ ಬೇರೆಯಾದರೂ ಆತಂಕ ಒಂದೇ. ರಾಹುಕಾಲದ ವಿಚಾರವನ್ನು ಪಂಚಾಂಗಕ್ಕೇ ಬಿಡೋಣ. ಮೊಮ್ಮಗನ ಪ್ರಶ್ನೆಯನ್ನು ಮಾತ್ರ ನಕ್ಕು ತಳ್ಳಿಹಾಕುವಂತಿಲ್ಲ.

ಜೀವಿಗಳ ಒಳಗೆ ಗಡಿಯಾರವಿದೆಯೆಂಬ ಸಂಗತಿಗೆ ಮೊದಲ ಸಾಕ್ಷ್ಯ ದೊರೆತದ್ದು ಗಿಡದಿಂದ. ತುಳುನಾಡಿನ ಗದ್ದೆಯಂಚು, ತೋಟದ ದಾರಿಗಳಲ್ಲೆಲ್ಲ ಕಾಲಿಗೆ ತೊಡರುವ ನಾಚಿಕೆ ಮುಳ್ಳನ್ನು ನೋಡದವರಾರು? ಮುಟ್ಟಿದರೆ ಮುದುಡುವ ಈ ಗಿಡ ರಾತ್ರಿಯಾದೊಡನೆ ತಾನಾಗಿಯೂ ಎಲೆ ಮಡಚಿಕೊಳ್ಳುತ್ತದೆ. ಫ್ರಾನ್ಸಿನ ದ ಮೈರಾಂ ಎಂಬ ವಿದ್ವಾಂಸನು ೧೭೨೯ರಲ್ಲಿ ಹೀಗೆಯೇ ಎಲೆ ಮಡಚುವ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ನೋಡಿದ. ಬಿಸಿಲಿನ ಸುಳಿವೇ ಇಲ್ಲದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚುತ್ತಿತ್ತು, ಇರುಳಿನ ಹೊತ್ತಿಗೆ ಮುಚ್ಚುತ್ತಿತ್ತು. ಈ ಗಡಿಯಾರವನ್ನು ನಡೆಸುವ ವಂಶವಾಹಿಗಳ ಕೆಲಸವನ್ನು ನೊಣಗಳಲ್ಲಿ ಬಿಡಿಸಿ ತೋರಿದ್ದಕ್ಕಾಗಿ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಎಂ. ಕೆ. ಚಂದ್ರಶೇಖರನ್ ಪ್ರಮುಖರು. ಗುಹೆಯ ಕತ್ತಲೆಯಲ್ಲಿ ತೂಗುವ ಬಾವಲಿಗಳು ಹೊತ್ತನ್ನು ಹೇಗೆ ಅರಿಯುತ್ತವೆ ಎಂಬುದನ್ನು ಅವರು ಮಧುರೆಯಲ್ಲಿ ಅಭ್ಯಸಿಸಿದರು. ಸೂರ್ಯನ ಬೆಳಕು ನುಸುಳದ, ಗಡಿಯಾರವಿಲ್ಲದ ಕೊಠಡಿಯೊಂದನ್ನು ಕಟ್ಟಿಸಿ, ಅದರಲ್ಲಿ ಮನುಷ್ಯರನ್ನೇ ಇರಿಸಿ ಅವರ ನಿದ್ರೆ ಎಚ್ಚರಗಳನ್ನು ಗಮನಿಸಿದರು. ಮುಂದೆ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದುದರಿಂದ ಕರ್ನಾಟಕದ ನೆಲದಲ್ಲಿಯೂ ಈ ವಿದ್ಯೆ ಬೇರೂರಿತು.

ಮನುಷ್ಯನಲ್ಲಿ ಈ ವ್ಯವಸ್ಥೆಯ ಹಿರಿಯ ಗಡಿಯಾರ ಇರುವುದು ಮಿದುಳಿನಲ್ಲಿಯೇ. ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲ್ಗಡೆ, ಸುಮಾರು ೨೦,೦೦೦ ನರಕೋಶಗಳ ಒಂದು ಪುಟ್ಟ ಗುಂಪು ಅದು. ಇದಲ್ಲದೆ ಯಕೃತ್ತು, ಚರ್ಮ, ಕರುಳುಗಳ ಕೋಶಗಳಿಗೂ ತಮ್ಮತಮ್ಮವೇ ಗಡಿಯಾರಗಳುಂಟು. ಹಿರಿಯ ಗಡಿಯಾರಕ್ಕೆ ಬೆಳಕು ಕೀಲಿ ಕೊಟ್ಟರೆ, ಯಕೃತ್ತಿನಂತಹ ಅಂಗಗಳ ಗಡಿಯಾರಕ್ಕೆ ಉಣ್ಣುವ ವೇಳೆಯೂ ಕೀಲಿ ಕೊಡುತ್ತದೆ. ಕೋಶ ಯಾವಾಗ ಒಡೆದು ಎರಡಾಗಬೇಕು, ಮುರಿದ ವಂಶವಾಹಿ ಎಳೆಯನ್ನು ಯಾವಾಗ ಚುರುಕಾಗಿ ಬೆಸೆಯಬೇಕು ಎಂಬುದರಲ್ಲಿಯೂ ಈ ಗಡಿಯಾರಗಳ ಕೈವಾಡವಿದೆ.

ವಿಕಿರಣಕ್ಕೂ ಹೊತ್ತಿಗೂ ನಂಟು ಬೀಳುವುದು ಇಲ್ಲಿಯೇ. ಕಿರಣವು ಆ ಎಳೆಯನ್ನೇ ತುಂಡರಿಸಿ ಕೋಶವನ್ನು ಕೊಲ್ಲುತ್ತದೆ. ಒಡೆಯಲು ಸಿದ್ಧವಾದ ಕೋಶ ಸುಲಭವಾಗಿ ಸಾಯುತ್ತದೆ. ವಿಶ್ರಾಂತಿಯಲ್ಲಿರುವ ಕೋಶ ತಾಳಿಕೊಳ್ಳುತ್ತದೆ. ಆರೋಗ್ಯವಂತ ಕೋಶಗಳು ತಾಳಿಕೊಳ್ಳುವ ಹೊತ್ತಿನಲ್ಲಿ ಕಿರಣ ಕೊಟ್ಟರೆ ರೋಗಿಗೆ ನೋವು ಕಡಿಮೆಯಾಗಬಾರದೇಕೆ? ೨೦೧೩ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೆಳಗ್ಗೆ ವಿಕಿರಣ ಪಡೆದ ಇಲಿಗಳ ಕೂದಲು ಶೇಕಡಾ ೮೫ರಷ್ಟು ಉದುರಿತು. ಸಂಜೆ ಪಡೆದವುಗಳದು ಶೇಕಡಾ ೧೭ ಮಾತ್ರ. ಆದರೆ ಇಲಿ ನಿಶಾಚರ ಪ್ರಾಣಿ. ಅದರ ಬೆಳಗನ್ನು ನಮ್ಮ ಬೆಳಗೆಂದು ತಿಳಿದು ಲೆಕ್ಕ ಹಾಕುವಂತಿಲ್ಲ.

ಮನುಷ್ಯರ ವಿಷಯದಲ್ಲಿ ಗಮನಾರ್ಹ ಕೆಲಸವೊಂದು ನಡೆದದ್ದು ಲಖನೌ ನಗರದಲ್ಲಿ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ ೨೧೨ ರೋಗಿಗಳನ್ನು ಬೆಳಗಿನವರು, ಸಂಜೆಯವರು ಎಂದು ವಿಂಗಡಿಸಿ ಚಿಕಿತ್ಸೆ ಕೊಟ್ಟ ಫಲಿತಾಂಶ ೨೦೦೯ರಲ್ಲಿ ಪ್ರಕಟವಾಯಿತು. ಬಾಯಿಯ ತೀವ್ರ ಹುಣ್ಣು ಬೆಳಗಿನ ಗುಂಪಿನಲ್ಲಿ ಕಡಿಮೆ ಕಂಡಿತು. ಆದರೆ ಆಕಸ್ಮಿಕವಲ್ಲವೆಂದು ಖಚಿತವಾಗಿ ಸಾರುವಷ್ಟು ಅಂತರ ಅದಾಗಿರಲಿಲ್ಲ. ಮರುವರ್ಷ ಅದೇ ನಗರದಿಂದ, ಗರ್ಭಕಂಠದ ಕ್ಯಾನ್ಸರಿನ ೨೨೯ ಸ್ತ್ರೀಯರ ಮೇಲಿನ ಅಧ್ಯಯನ ಬಂತು. ಅಲ್ಲಿ ಬೆಳಗಿನ ಗುಂಪಿನವರಿಗೇ ಭೇದಿಯ ಕಾಟ ಹೆಚ್ಚಾಗಿತ್ತು! ಬಾಯಿಗೆ ಹಿತವಾದ ಹೊತ್ತು ಕರುಳಿಗೆ ಹಿತವಾಗಲಿಲ್ಲ. ಇಡೀ ದೇಹಕ್ಕೆ ಅನ್ವಯಿಸುವ ಒಂದೇ ಶುಭಗಳಿಗೆ ಇಲ್ಲವೆಂಬುದನ್ನು ಈ ಎರಡು ಅಧ್ಯಯನಗಳು ಜೊತೆಗೂಡಿ ತೋರಿಸುತ್ತವೆ.

ಮಿದುಳಿನ ಮಾತೇನು? ೨೦೧೧ರಲ್ಲಿ ಅಮೆರಿಕೆಯ ವೈದ್ಯರು, ಶ್ವಾಸಕೋಶದಿಂದ ಮಿದುಳಿಗೆ ಹರಡಿದ ಗಡ್ಡೆಗಳಿಗಾಗಿ ಸೂಕ್ಷ್ಮ ಕಿರಣಚಿಕಿತ್ಸೆ ಪಡೆದ ರೋಗಿಗಳ ದಾಖಲೆಗಳನ್ನು ತಿರುವಿಹಾಕಿದರು. ಮಧ್ಯಾಹ್ನ ಹನ್ನೆರಡೂವರೆಗೆ ಮುಂಚೆ ಚಿಕಿತ್ಸೆಯಾದವರಲ್ಲಿ ಗಡ್ಡೆ ಹೆಚ್ಚು ಹತೋಟಿಗೆ ಬಂದಿತ್ತು. ಮೊಮ್ಮಗನ ನಿದ್ದೆ ಕೆಡಿಸಿದ್ದು ಬಹುಶಃ ಇದೇ ವರದಿ. ಅನಂತರ, ಇನ್ನೂ ಹೆಚ್ಚು ರೋಗಿಗಳ ದಾಖಲೆ ನೋಡಿದವರಿಗೆ ಆ ಅಂತರ ಕಾಣಲಿಲ್ಲ. ಮಿದುಳಿನಲ್ಲಿಯೇ ಹುಟ್ಟುವ ಉಗ್ರ ಗಡ್ಡೆಗಳಾದ ಗ್ಲಿಯೋಮಾಗಳನ್ನು ಕುರಿತು ೨೦೨೧ರಲ್ಲಿ ಬಂದ ಪರಿಶೀಲನೆಯಲ್ಲಿಯೂ, ಬೆಳಗ್ಗೆ ಕಿರಣ ಪಡೆದವರು ಹೆಚ್ಚು ಕಾಲ ಬದುಕಿದರೆಂಬುದಕ್ಕೆ ಆಧಾರ ದೊರೆಯಲಿಲ್ಲ.

ಹಳೆಯ ದಾಖಲೆಗಳಿಂದ ತೀರ್ಮಾನಕ್ಕೆ ಬರುವುದರಲ್ಲಿ ಒಂದು ಮೋಸವೂ ಉಂಟು. ಬೆಳಗಿನ ಸರದಿ ಯಾರಿಗೆ ಸಿಕ್ಕಿತು, ಸಂಜೆಯದು ಯಾರಿಗೆ ಎಂಬುದೇ ಒಮ್ಮೊಮ್ಮೆ ರೋಗದ ಬಲಾಬಲವನ್ನು ಅವಲಂಬಿಸಿರಬಹುದು. ನಡೆದಾಡುವ ರೋಗಿಗೆ ಒಂದು ಹೊತ್ತು, ವಾರ್ಡಿನಿಂದ ಮಲಗಿಸಿ ತರಬೇಕಾದವರಿಗೆ ಇನ್ನೊಂದು ಹೊತ್ತು ಎಂದಿದ್ದರೆ, ಫಲಿತಾಂಶದ ಅಂತರಕ್ಕೆ ಗಡಿಯಾರ ಕಾರಣವೆಂದು ಹೇಳುವುದು ಹೇಗೆ?

ಔಷಧದ ವೇಳೆಯ ಮೇಲೂ ಶೋಧ ನಡೆದಿದೆ. ಗ್ಲಿಯೋಬ್ಲಾಸ್ಟೋಮಾ ರೋಗಕ್ಕೆ ಕಿರಣದೊಂದಿಗೂ ಅನಂತರವೂ ಕೊಡುವ ಟೆಮೊಜೊಲೊಮೈಡ್ ಗುಳಿಗೆಯನ್ನು ಬೆಳಗ್ಗೆ ನುಂಗಿದ ಕೆಲವರು, ಸಂಜೆ ನುಂಗಿದವರಿಗಿಂತ ಹೆಚ್ಚು ಕಾಲ ಬದುಕಿದ್ದು ಸೇಂಟ್ ಲೂಯಿಸ್ ನಗರದ ೧೬೬ ರೋಗಿಗಳ ದಾಖಲೆಗಳಲ್ಲಿ ೨೦೨೧ರಲ್ಲಿ ಕಂಡುಬಂತು. ಗಡ್ಡೆಯಲ್ಲಿ ಒಂದು ನಿರ್ದಿಷ್ಟ ರಾಸಾಯನಿಕ ಗುರುತು ಇದ್ದವರಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿತ್ತು. ಆಶಾದಾಯಕ ಸುಳಿವೇ ಸರಿ. ಆದರೆ ಮುಂದೆ ಚೀಟಿ ಎತ್ತಿದಂತೆ ಗುಂಪು ಮಾಡಿ ನಡೆಸಿದ ಪರೀಕ್ಷೆಯಲ್ಲಿದ್ದವರು ೩೫ ಮಂದಿ ಮಾತ್ರ. ಇಷ್ಟನ್ನು ನಂಬಿ ಮನೆಯವರು ತಾವಾಗಿ ಗುಳಿಗೆಯ ಹೊತ್ತು ಬದಲಿಸುವುದು ಸಲ್ಲದು.

ವೇಣೂರಿನ ಆ ಕುಟುಂಬಕ್ಕೆ ನಿಜವಾದ ಕಷ್ಟ ಬೇರೆಯಿದೆ. ಈ ರೋಗಕ್ಕೆ ೨೦೦೫ರಿಂದ ರೂಢಿಯಲ್ಲಿರುವ ಕ್ರಮದಂತೆ ೬೦ ಗ್ರೇ ಪ್ರಮಾಣದ ವಿಕಿರಣವನ್ನು ೩೦ ಕಂತುಗಳಾಗಿ ಹಂಚಿ, ವಾರಕ್ಕೆ ಐದು ದಿನದಂತೆ ಆರು ವಾರ ಕೊಡುತ್ತಾರೆ. ಮುಖಕ್ಕೆ ಅಚ್ಚು ಹಾಕಿ ಮಾಡಿದ ಬಲೆಯಂತಹ ಮುಖವಾಡ ತೊಟ್ಟು ಅಲುಗಾಡದೆ ಮಲಗಬೇಕಾದದ್ದು ಕೆಲವೇ ನಿಮಿಷ. ಅದಕ್ಕಾಗಿ ಮೂಡುಬಿದಿರೆಯ ಮೂಲಕ ಮಂಗಳೂರಿಗೆ ಐವತ್ತು ಕಿಲೋಮೀಟರಿಗೂ ಮಿಕ್ಕ ದಾರಿ, ಮತ್ತೆ ಅಷ್ಟೇ ದಾರಿ ಮರಳಿ. ಆಷಾಢದ ಮಳೆಯಾದರಂತೂ ಕೇಳುವುದೇ ಬೇಡ. ದಿನಕಳೆದಂತೆ ರೋಗಿಗೆ ಬಳಲಿಕೆ ಏರುತ್ತದೆ. ಕಿರಣ ಹಾಯ್ದ ಕಡೆ ಕೂದಲು ಉದುರುತ್ತದೆ. ಎಂಟು ಗಂಟೆಯ ಸರದಿಯೇ ಬೇಕೆಂದು ಹಟ ಹಿಡಿದರೆ ಆ ಜೀವ ನಸುಕಿನಲ್ಲೇ ಎದ್ದು ಬಸ್ಸು ಹತ್ತಬೇಕು. ಆ ಆಯಾಸಕ್ಕೆ ಅಂಜಿ ಎರಡು ದಿನ ತಪ್ಪಿಸಿದರೋ, ಉಳಿದ ರೋಗಕೋಶಗಳಿಗೆ ಚೇತರಿಸಿಕೊಳ್ಳಲು ಬಿಡುವು ಕೊಟ್ಟಂತಾಗುತ್ತದೆ. ಕಂತು ತಪ್ಪಿಸಬಾರದೆಂದು ವೈದ್ಯರು ಒತ್ತಿ ಹೇಳುವುದು ಅದಕ್ಕಾಗಿಯೇ. ಬೆಳಗಿನ ಸರದಿ ತಾನಾಗಿ ದೊರೆತು, ಪ್ರಯಾಣವೂ ಒಗ್ಗಿದರೆ ಬೇಡವೆನ್ನಬೇಕಾಗಿಲ್ಲ. ದೊರೆಯದಿದ್ದರೆ ತಂದೆಯ ಆಯುಸ್ಸು ತಮ್ಮ ಅಲಕ್ಷ್ಯದಿಂದ ಕುಗ್ಗಿತೆಂದು ಮಗನಾಗಲಿ ಮೊಮ್ಮಗನಾಗಲಿ ಕೊರಗಲು ಕಾರಣವಿಲ್ಲ.

ಮೊಮ್ಮಗನು ವೈದ್ಯರನ್ನು ಕೇಳಬಹುದಾದ ಹೊತ್ತಿನ ಪ್ರಶ್ನೆಗಳು ಬೇರೆ ಕೆಲವು ಇವೆ. ಮಿದುಳಿನ ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಗುಳಿಗೆಯನ್ನು ಸಂಜೆಯ ಮೇಲೆ ನುಂಗಿದರೆ ನಿದ್ದೆ ಹಾರಿಹೋಗುವುದುಂಟು, ಬೆಳಗ್ಗೆಯೇ ಕೊಡಬಹುದೇ? ಗುಳಿಗೆ ಊಟಕ್ಕೆ ಮೊದಲೋ, ಆಮೇಲೋ? ಬಸ್ಸು ತಪ್ಪಿದ ದಿನ ಯಾರಿಗೆ ಫೋನು ಮಾಡಬೇಕು? ಯಂತ್ರ ಕೆಟ್ಟ ದಿನದ ಕಂತನ್ನು ಯಾವಾಗ ತುಂಬಿಕೊಡುತ್ತಾರೆ? ಈ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ಅಜ್ಜಿಯ ಪಂಚಾಂಗ ತೂಗುಹಾಕಿದ ಮೊಳೆಗೇ ಸಿಕ್ಕಿಸಿಟ್ಟರೆ ಮನೆಯವರೆಲ್ಲರಿಗೂ ಕಣ್ಣಿಗೆ ಬೀಳುತ್ತದೆ.