ಉಂಗುರದಲ್ಲಿ ಮಂಜುಗಡ್ಡೆ: ಚಳಿಗಾಲದ ಗಾಳಗಾರರ ತಪ್ಪು ಕಲ್ಪನೆಗಳು

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಒಂಟಾರಿಯೊ ಸರೋವರವನ್ನು ಸೇರುವ ಸಾಲ್ಮನ್ ನದಿಗೆ ಜನವರಿಯಲ್ಲೂ ಗಾಳಗಾರರು ಇಳಿಯುತ್ತಾರೆ. ಪುಲಾಸ್ಕಿ ಎಂಬ ಪುಟ್ಟ ಊರಿನ ಸುತ್ತ ಸರೋವರದ ಗಾಳಿ ರಾಶಿ ರಾಶಿ ಹಿಮ ಸುರಿಸುತ್ತಿರುತ್ತದೆ. ಅದರ ನಡುವೆಯೇ ಎದೆವರೆಗೆ ಬರುವ, ನೀರು ಸೋರದ ‘ವೇಡರ್’ ಉಡುಪು ತೊಟ್ಟು ನೀರಿನಲ್ಲಿ ನಿಂತು, ಗರಿ-ನೂಲಿನಿಂದ ಕಟ್ಟಿದ ಕೃತಕ ನೊಣವನ್ನು ಸ್ಟೀಲ್‌ಹೆಡ್ ಮೀನಿಗೆ ಎಸೆಯುತ್ತಾರೆ. ಸರೋವರದಲ್ಲಿ ಬೆಳೆದು ನದಿಗೆ ಮರಳುವ ರೇನ್‌ಬೋ ಟ್ರೌಟ್‌ಗೆ ಅಲ್ಲಿ ಸ್ಟೀಲ್‌ಹೆಡ್ ಎನ್ನುತ್ತಾರೆ. ನ್ಯೂಜೆರ್ಸಿಯಲ್ಲೋ ಬಾಸ್ಟನ್ನಿನಲ್ಲೋ ಇರುವ ನಿಮ್ಮ ಮಗನಿಗೂ ಈ ಹುಚ್ಚು ಹಿಡಿದಿದ್ದರೆ, ಗಾಳದ ಕೋಲಿನಲ್ಲಿ ದಾರ ಓಡಬೇಕಾದ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟುವ ಗೋಳನ್ನು ಫೋನಿನಲ್ಲಿ ಕೇಳಿಯೇ ಇರುತ್ತೀರಿ.

ತಪ್ಪು ಕಲ್ಪನೆ: ಚಳಿ ಹೆಚ್ಚಾದರೆ ಉಂಗುರ ಮುಚ್ಚಿಕೊಳ್ಳಲೇಬೇಕು, ನಮ್ಮ ಕೈಯಲ್ಲಿ ಏನೂ ಇಲ್ಲ.

ಸತ್ಯ: ಆ ಗಡ್ಡೆಯ ನೀರನ್ನು ತರುವವರು ನಾವೇ. ಹರಿಯುವ ನದಿಯ ನೀರು ಸಾಮಾನ್ಯವಾಗಿ ಸೊನ್ನೆ ಡಿಗ್ರಿಗಿಂತ ತುಸು ಮೇಲಿರುತ್ತದೆ. ಅದರ ಮೇಲಿನ ಗಾಳಿ ಮೈನಸ್ 8 ಇರಬಹುದು. ದಾರವನ್ನು ಒಳಗೆಳೆದಾಗಲೆಲ್ಲ ಅದಕ್ಕೆ ಅಂಟಿದ ನೀರನ್ನು ಉಂಗುರ ಒರೆಸಿ ಇಟ್ಟುಕೊಳ್ಳುತ್ತದೆ. ಆ ತೊಟ್ಟು ಗಾಳಿಗೆ ಹೆಪ್ಪುಗಟ್ಟುತ್ತದೆ, ಅದರ ಮೇಲೆ ಇನ್ನೊಂದು ತೊಟ್ಟು. ಒದ್ದೆ ದಾರ ಮೊದಲು ಹಾಯುವುದು ಕೋಲಿನ ತುದಿಯ ಉಂಗುರವನ್ನು. ಅದು ಚಿಕ್ಕದೂ ಹೌದು. ಹಾಗಾಗಿ ಮೊದಲು ಮುಚ್ಚುವುದೂ ಅದೇ. ಆಮೇಲೆ ದಾರ ಆಚೆಗೂ ಹೋಗದು, ಈಚೆಗೂ ಬಾರದು. ಅಂಥ ಹೊತ್ತಿನಲ್ಲಿ ದೊಡ್ಡ ಮೀನು ಕಚ್ಚಿ ಓಡಿತೋ, ತುದಿಯ ತೆಳು ದಾರ ಪಟ್ಟೆಂದು ಹರಿಯುತ್ತದೆ.

ಮದ್ದು ಸರಳ: ದಾರ ಎಳೆಯುವುದನ್ನು ಕಡಿಮೆ ಮಾಡಿ. ಬೇಕಾದಷ್ಟು ದಾರವನ್ನು ಒಮ್ಮೆ ಹೊರಗೆ ಬಿಟ್ಟು, ಉದ್ದ ಬದಲಿಸದೆ ಅಷ್ಟರಲ್ಲೇ ಎಸೆಯುತ್ತ, ಹರಿವಿನ ಜೊತೆ ಸಾಗಲು ಬಿಟ್ಟು, ಮತ್ತೆ ಎತ್ತಿ ಎಸೆಯುವವರ ಕೋಲಿನಲ್ಲಿ ಗಡ್ಡೆ ನಿಧಾನಕ್ಕೆ ಕಟ್ಟುತ್ತದೆ. ಜಪಾನಿನ ತೆಂಕರ ಕೋಲಿಗಂತೂ ಉಂಗುರವೂ ಇಲ್ಲ, ದಾರ ಸುತ್ತುವ ರೀಲೂ ಇಲ್ಲ. ದಾರ ತುದಿಗೇ ಕಟ್ಟಿರುತ್ತದೆ. ಸಣ್ಣ ಹೊಳೆಯ ಟ್ರೌಟ್‌ಗೆ ಚಳಿಗಾಲದಲ್ಲಿ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಸ್ಟೀಲ್‌ಹೆಡ್ ಓಡತೊಡಗಿದರೆ ಬಿಟ್ಟುಕೊಡಲು ಅದರಲ್ಲಿ ದಾರವೇ ಇರುವುದಿಲ್ಲ.

ತಪ್ಪು ಕಲ್ಪನೆ: ಉಂಗುರಕ್ಕೆ ಎಣ್ಣೆ ಸವರಿದರೆ ಗಡ್ಡೆ ಕಟ್ಟುವುದೇ ಇಲ್ಲ.

ಸತ್ಯ: ತಡವಾಗಿ ಕಟ್ಟುತ್ತದೆ, ಅಷ್ಟೆ. ಅಡುಗೆ ಎಣ್ಣೆಯ ಸ್ಪ್ರೇ ಇರಲಿ, ತುಟಿಗೆ ಹಚ್ಚುವ ಮುಲಾಮಿರಲಿ, ಇದಕ್ಕೆಂದೇ ಮಾರುವ ‘ಸ್ಟ್ಯಾನ್ಲೀಸ್ ಐಸ್ ಆಫ್’ ಪೇಸ್ಟ್ ಇರಲಿ, ದಾರ ಉಜ್ಜಿ ಉಜ್ಜಿ ಅಳಿಸುತ್ತದೆ, ಮತ್ತೆ ಹಚ್ಚಬೇಕು. ಗ್ಯಾರೇಜಿನಲ್ಲಿರುವ ಪೆಟ್ರೋಲಿಯಂ ಸ್ಪ್ರೇ ಮಾತ್ರ ಬೇಡ. ಅದು ದಾರದ ಪ್ಲಾಸ್ಟಿಕ್ ಹೊದಿಕೆಯನ್ನು ಕೆಡಿಸಬಹುದು, ಮತ್ತು ಈ ದಾರ ಅಗ್ಗದ್ದಲ್ಲ.

ಕಟ್ಟಿದ ಗಡ್ಡೆಯನ್ನು ಉಗುರಿನಿಂದ ಕೆರೆಯುವುದು, ಕೋಲನ್ನು ಬೂಟಿಗೆ ಬಡಿಯುವುದು, ತುದಿಯನ್ನು ಬಾಯಿಗಿಟ್ಟುಕೊಳ್ಳುವುದು, ಮೂರೂ ಕೆಟ್ಟ ಅಭ್ಯಾಸ. ಗ್ರಾಫೈಟ್ ತುದಿ ಬೆಂಕಿಕಡ್ಡಿಯಷ್ಟು ತೆಳು. ಲಟಕ್ಕೆಂದರೆ ಅಂದಿನ ಮೀನುಗಾರಿಕೆ ಮುಗಿಯಿತು. ಕೊರೆಯುವ ಲೋಹಕ್ಕೆ ನಾಲಿಗೆ ಅಂಟಿಕೊಳ್ಳುವುದೂ ಉಂಟು. ಕೋಲಿನ ತುದಿಯನ್ನು ನದಿಯಲ್ಲೇ ಕೆಲವು ಕ್ಷಣ ಅದ್ದಿ ಹಿಡಿಯಿರಿ. ತಣ್ಣಗಿದ್ದರೂ ಆ ನೀರು ಗಡ್ಡೆಗಿಂತ ಬೆಚ್ಚಗಿರುತ್ತದೆ, ಗಡ್ಡೆ ಸಡಿಲವಾಗುತ್ತದೆ. ಹೊರಗೆ ತೆಗೆದು ಮೆಲ್ಲಗೆ ಒದರಿ. ಆದರೆ ರೀಲನ್ನು ಎಂದೂ ಅದ್ದಬೇಡಿ. ನೀರು ಒಳಗೆ ಹೋಗಿ ಹೆಪ್ಪುಗಟ್ಟಿದರೆ ಅದರ ಬ್ರೇಕ್ ಬಿಗಿದುಕೊಳ್ಳುತ್ತದೆ. ಸಂಜೆ ಕೋಲಿನ ತುಂಡುಗಳ ಜೋಡಣೆ ಬಿಡದಿದ್ದರೆ ತಿರುಚದೆ ಅಂಗೈ ಬಿಸಿ ಕೊಡಿ, ಇಲ್ಲವೇ ಕಾರಿನೊಳಗೆ ಸ್ವಲ್ಪ ಹೊತ್ತು ಇಡಿ.

ತಪ್ಪು ಕಲ್ಪನೆ: ಮೀನಿಗೆ ಬೆಳಗಿನ ಜಾವವೇ ಪ್ರಶಸ್ತ.

ಸತ್ಯ: ಬೇಸಿಗೆಯ ಮಾತದು. ಕಡು ಚಳಿಯ ರಾತ್ರಿ ನದಿನೀರು ಸೊನ್ನೆಗಿಂತ ಒಂದಿಷ್ಟು ಕೆಳಗಿಳಿದು, ತಳದ ಕಲ್ಲುಗಳಿಗೇ ಮಂಜುಗಡ್ಡೆ ಅಂಟುವುದುಂಟು. ಬಿಸಿಲೇರಿದಾಗ ಅದು ಕಿತ್ತು ಮೇಲೆದ್ದು, ಕೆಸರಿನ ಹಾಗೆ ತೇಲಿ ಬಂದು ದಾರಕ್ಕೆ ಸಿಕ್ಕಿಕೊಳ್ಳುತ್ತದೆ. ಮುಂಜಾನೆ ಕೋಲು ಅದ್ದಿದರೂ ಉಪಯೋಗವಾಗದಿರಲು ಸೊನ್ನೆಗಿಂತ ಕೆಳಗಿಳಿದ ಈ ನೀರೇ ಕಾರಣ. ತೇಲುವ ಗಡ್ಡೆ ಹರಿದುಹೋದ ಮೇಲೆ, ಹನ್ನೊಂದರಿಂದ ಮೂರು ಗಂಟೆಯ ಹೊತ್ತೇ ಸರಿ. ಆಗ ಮೀನೂ ಒಂದಿಷ್ಟು ಚುರುಕಾಗಿರುತ್ತದೆ.

ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ ಎನ್ನುವವರಿಗೆ: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ. ಬೆಚ್ಚಗಾದಂತೆ ಅನ್ನಿಸುವುದು ಚರ್ಮಕ್ಕೆ ಮಾತ್ರ. ಮೂರು ಜೊತೆ ಕಾಲುಚೀಲ ತುರುಕಿದರೂ ಹೀಗೆಯೇ. ಬೂಟು ಬಿಗಿಯಾಗಿ ರಕ್ತ ಓಡದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಉಣ್ಣೆಯ ಒಂದು ದಪ್ಪ ಜೊತೆ, ಬೆರಳಾಡಿಸಲು ಜಾಗ, ಇಷ್ಟು ಸಾಕು.

ಹಿಡಿದ ಮೀನನ್ನು ಬಿಟ್ಟುಬಿಡುವವರಲ್ಲಿ ಒಂದು ವಿನಂತಿ. ನಿಮ್ಮ ಉಂಗುರ ಮುಚ್ಚುವ ಗಾಳಿಯಲ್ಲಿ ಮೀನಿನ ಕಿವಿರಿನ ತೆಳು ಎಳೆಗಳೂ ಬೇಗ ಹೆಪ್ಪುಗಟ್ಟಬಹುದು. ಫೋಟೋಗಾಗಿ ಅದನ್ನು ಮೇಲೆತ್ತಬೇಡಿ. ನೀರಿನಲ್ಲೇ ಕೊಕ್ಕೆ ಬಿಡಿಸಿ ಕಳಿಸಿಕೊಡಿ.