ಕೋಡಿ ಬಿದ್ದ ಕೆರೆ ಮತ್ತು ನಾಳೆಯ ನೆನಪು

ಕಡೂರು ತಾಲೂಕಿನ ಮದಗದ ಕೆರೆ ಕೋಡಿ ಬಿದ್ದ ವರ್ಷ ಅಲ್ಲಿ ಜಾತ್ರೆಯಂತೆ ಜನ ಸೇರುತ್ತಾರೆ. ಕೆರೆಗೆ ಬಾಗಿನ ಅರ್ಪಿಸುತ್ತಾರೆ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. "ನೋಡ್ಕೊಳ್ರೋ ಮಕ್ಳಾ, ಮತ್ತೆ ಯಾವ ವರ್ಷವೋ" ಎನ್ನುವುದು ಅಂಥ ಹೊತ್ತಿನಲ್ಲಿ ಹಿರಿಯರ ಬಾಯಿಗೆ ತಾನಾಗಿ ಬರುವ ಮಾತು.

ಕರಾವಳಿಯವರಾದ ನಮಗೆ ಇದು ವಿಚಿತ್ರವೆನಿಸಬಹುದು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ತುಂಬಿದ ಬಾವಿಯ ಚಿತ್ರ ತೆಗೆಯುವವರು ನಮ್ಮಲ್ಲಿಲ್ಲ. ಕಡೂರಿನಲ್ಲಾದರೋ ಸುಮಾರು 600 ಮಿ.ಮೀ. ಮಾತ್ರ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಬರಗಾಲಕ್ಕೆ ತೆಂಗಿನ ತೋಟಗಳು ಒಣಗಿದ್ದನ್ನು ಕಂಡವರು ನೀರನ್ನು ನೋಡುವಾಗಲೇ ನೀರಿಲ್ಲದ ದಿನವನ್ನೂ ನೆನೆಯುತ್ತಾರೆ.

ಕಳೆದುಹೋದುದಕ್ಕಾಗಿ ಹಂಬಲಿಸುವುದಕ್ಕೆ 'ನೊಸ್ಟಾಲ್ಜಿಯಾ' ಎಂಬ ಹೆಸರನ್ನು 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ ಇಟ್ಟನು. ಆಗ ಅದನ್ನು ಮನೆಗಾಗಿ ಕೊರಗುವ ಕಾಯಿಲೆಯೆಂದೇ ತಿಳಿದಿದ್ದರು! ಕಳೆಯುವ ಮೊದಲೇ ಆ ಹಂಬಲವನ್ನು ಊಹಿಸುವುದರ ಬಗ್ಗೆ ಮನಶ್ಶಾಸ್ತ್ರಜ್ಞರು ಗಮನ ಹರಿಸಿದ್ದು ಇತ್ತೀಚೆಗೆ. ಇದರಲ್ಲಿ ಎರಡು ಬಗೆ ಇದೆ.

ಗಲ್ಫಿನಿಂದ ಮಗ ರಜೆಗೆ ಬಂದಿದ್ದಾನೆ. ಅವನು ಪೆಟ್ಟಿಗೆ ಬಿಚ್ಚುವ ಮೊದಲೇ ತಾಯಿ ಹೊರಡುವ ದಿನ ಎಣಿಸಿ ಕಣ್ಣೊರೆಸಿಕೊಳ್ಳುತ್ತಾಳೆ. ಮಗ ಎದುರಿಗೇ ಕುಳಿತು ಉಣ್ಣುತ್ತಿದ್ದರೂ ಅವಳ ಪಾಲಿಗೆ ಅರ್ಧ ಹೋಗಿಬಿಟ್ಟಿದ್ದಾನೆ. ಇದು ಮೊದಲ ಬಗೆ. ಈ ಸ್ವಭಾವವು ದುಃಖ ಮತ್ತು ಚಿಂತೆಯೊಡನೆ ಸೇರಿರುತ್ತದೆಂದು ಅಮೆರಿಕದ ಕ್ರಿಸ್ಟೀನ್ ಬಾಚೊ ಮತ್ತು ಅವರ ಸಹ ಸಂಶೋಧಕರು 2016ರಲ್ಲಿ ಬರೆದರು. ಇನ್ನೊಂದು ಬಗೆ ಕೆರೆ ಏರಿಯ ಮೇಲಿನ ಹಿರಿಯರದು: ಮುಂದೆ ಇದನ್ನು ನೆನೆಯುತ್ತೇವೆ, ಆದುದರಿಂದ ಈಗ ಕಣ್ತುಂಬ ನೋಡೋಣ. ಹೀಗೆ ಎಣಿಸುವವರು ಈ ಗಳಿಗೆಯನ್ನು ಹೆಚ್ಚು ಸವಿಯುತ್ತಾರೆಂದು 2020ರ ಒಂದು ಬ್ರಿಟಿಷ್ ಅಧ್ಯಯನ ತೋರಿಸಿತು. ನಮ್ಮ ಅನುಭವದಲ್ಲಿ ಎರಡರ ನಡುವಿನ ಗೆರೆ ಬಹಳ ತೆಳು. ಒಂದೇ ಊಟದ ಮಧ್ಯೆ ತಾಯಿ ಅದನ್ನು ನಾಲ್ಕು ಬಾರಿ ದಾಟಿಯಾಳು.

ಆಗಸ್ಟ್ 6ರಂದು ಆಚರಿಸುವ ಯೇಸುವಿನ ರೂಪಾಂತರದ ಹಬ್ಬದಲ್ಲಿ ಸಂತ ಪೇತ್ರರದೂ ಇದೇ ಪಾಡು. ಬೆಟ್ಟದ ಮೇಲೆ ಆ ಬೆಳಕು ಇನ್ನೂ ಇರುವಾಗಲೇ, ಅದನ್ನು ಅಲ್ಲಿಯೇ ಇರಿಸಿಕೊಳ್ಳಲು ಮೂರು ಗುಡಾರ ಕಟ್ಟುವ ಮಾತೆತ್ತಿದರು. ಮಾತು ಮುಗಿಯುವ ಮೊದಲೇ ಮೋಡ ಕವಿಯಿತು. ಬೆಟ್ಟ ಇಳಿದು ಬಂದಾಗ ಕೆಳಗೆ ಒಬ್ಬ ತಂದೆ ಕಾಯಿಲೆಯ ಮಗನಿಗಾಗಿ ಯೇಸುವಿನ ಮುಂದೆ ಮೊಣಕಾಲೂರಿದನು.