ಬ್ರೇಕ್ ಕೈ ಕೊಟ್ರೆ ಏನು ಮಾಡಬೇಕು? ಹೈಬ್ರಿಡ್ ಕಾರಿದ್ದವರು ಮೊದಲು ಚಾಸಿ ನಂಬರ್ ನೋಡಿ, ರಿಕಾಲ್ ಇದ್ದರೆ ರಿಪೇರಿಗೆ ರೊಕ್ಕ ಇಲ್ಲ

ಐನಾಪುರ: ಕಬ್ಬಿನ ಸೀಜನ್‌ನಲ್ಲಿ ರಾತ್ರಿ ಹೊತ್ತು ಉಗಾರ, ಕಾಗವಾಡ, ಮಿರಜ ಕಡೆ ಕಾರು ಓಡಿಸುವವರಿಗೆ ಬ್ರೇಕ್‌ನ ಬೆಲೆ ಗೊತ್ತು. ಹಿಂದೆ ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಒಮ್ಮೆಲೇ ಕಣ್ಣಿಗೆ ಬಿದ್ದಾಗ ಪೆಡಲ್ ಗಟ್ಟಿಯಾಗಿ ನಿಂತರೆ ಮುಂದಿನ ಕಥೆ ಹೇಳಬೇಕಿಲ್ಲ. ಈಗ ತಾಲ್ಲೂಕಿನಲ್ಲೂ ಹೈಬ್ರಿಡ್ ಕಾರುಗಳು ಓಡಾಡುತ್ತಿವೆ. ಇವುಗಳಲ್ಲಿ ಕೆಲವು ಕಾರುಗಳ ಬ್ರೇಕ್ ಹಳೆಯ ಕಾರಿನ ಬ್ರೇಕ್‌ನಂತೆ ಕೆಲಸ ಮಾಡುವುದಿಲ್ಲ. ತೊಂದರೆ ಬಂದಾಗ ರಿಪೇರಿ ಖರ್ಚೂ ಸಣ್ಣದಲ್ಲ.

ಆದರೆ ದೋಷ ಕಂಪನಿಯದ್ದಾಗಿದ್ದು, ಅದಕ್ಕೆ ಕಂಪನಿ ರಿಕಾಲ್ ಘೋಷಿಸಿದ್ದರೆ ಮಾಲೀಕರು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ವಾರಂಟಿ ಮುಗಿದಿದ್ದರೂ, ಗಾಡಿ ಸೆಕೆಂಡ್ ಹ್ಯಾಂಡ್ ಆಗಿದ್ದರೂ ಇದೇ ಮಾತು. ಯಾಕಂದ್ರೆ ರಿಕಾಲ್ ಅಂಟಿಕೊಂಡಿರುವುದು ಮಾಲೀಕನ ಹೆಸರಿಗಲ್ಲ, ಗಾಡಿಯ ಚಾಸಿ ನಂಬರಿಗೆ.

ನಿಮ್ಮದು ಯಾವ ಹೈಬ್ರಿಡ್?

ಹೈಬ್ರಿಡ್ ಅಂತ ಬರೆದಿರುವ ಕಾರುಗಳೆಲ್ಲ ಒಂದೇ ಅಲ್ಲ. ನಮ್ಮ ಕಡೆ ಹೆಚ್ಚು ಕಾಣುವುದು 'ಸ್ಮಾರ್ಟ್ ಹೈಬ್ರಿಡ್'. ಮಾರುತಿಯ ಎರ್ಟಿಗಾ, ಸಿಯಾಜ್, ಎಕ್ಸ್‌ಎಲ್6, ಬ್ರೆಝಾ ಕಾರುಗಳ ಕೆಲವು ಮಾದರಿಗಳು ಈ ಗುಂಪಿನವು. ಇವುಗಳಲ್ಲಿ ಸಣ್ಣ ಮೋಟಾರ್ ಎಂಜಿನ್‌ಗೆ ಸ್ವಲ್ಪ ಆಸರೆ ಕೊಡುತ್ತದೆ ಅಷ್ಟೇ. ಬ್ರೇಕ್ ಸಾಮಾನ್ಯ ಪೆಟ್ರೋಲ್ ಕಾರಿನದ್ದೇ. ಎಂಜಿನ್‌ನಿಂದ ಸಿಗುವ ವ್ಯಾಕ್ಯೂಮ್ ಬೂಸ್ಟರ್‌ಗೆ ಬಲ ಕೊಡುತ್ತದೆ. ಅದರಿಂದಲೇ ಪೆಡಲ್ ಹಗುರ ಇರುತ್ತದೆ.

ಇನ್ನೊಂದು 'ಸ್ಟ್ರಾಂಗ್ ಹೈಬ್ರಿಡ್'. ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೈರೈಡರ್, ಇನ್ನೋವಾ ಹೈಕ್ರಾಸ್, ಹೋಂಡಾ ಸಿಟಿ ಕಾರುಗಳ ಹೈಬ್ರಿಡ್ ಮಾದರಿಗಳು ಇದಕ್ಕೆ ಸೇರುತ್ತವೆ. ಹೈರೈಡರ್ ಮತ್ತು ಹೈಕ್ರಾಸ್ ತಯಾರಾಗುವುದು ನಮ್ಮದೇ ರಾಜ್ಯದ ಬಿಡದಿಯಲ್ಲಿ. ಇವು ಸ್ವಲ್ಪ ದೂರ ಎಂಜಿನ್ ಇಲ್ಲದೆ ಬರೀ ಬ್ಯಾಟರಿ ಮೇಲೂ ಓಡುತ್ತವೆ. ಎಂಜಿನ್ ಬಂದ್ ಇದ್ದಾಗ ಅದರ ವ್ಯಾಕ್ಯೂಮ್ ನಂಬಿಕೊಂಡು ಕೂರುವಂತಿಲ್ಲ. ಹಾಗಾಗಿ ಇಂಥ ಕಾರುಗಳಲ್ಲಿ ಬ್ರೇಕ್ ಬಲಕ್ಕೆ ವಿದ್ಯುತ್‌ನ ವ್ಯವಸ್ಥೆ ಇರುತ್ತದೆ.

ಚಾಲಕ ಪೆಡಲ್ ಒತ್ತಿದಾಗ ಎಷ್ಟು ಒತ್ತಿದ ಅಂತ ಸೆನ್ಸರ್ ಅಳೆಯುತ್ತದೆ. ಮೋಟಾರ್ ಎಷ್ಟು ವೇಗ ತಗ್ಗಿಸಬೇಕು, ಬ್ರೇಕ್ ಪ್ಯಾಡ್ ಎಷ್ಟು ಹಿಡಿಯಬೇಕು ಅಂತ ಕಂಪ್ಯೂಟರ್ ಹಂಚುತ್ತದೆ. ಮೋಟಾರ್ ತಗ್ಗಿಸಿದ ವೇಗ ಕರೆಂಟ್ ಆಗಿ ಬ್ಯಾಟರಿಗೆ ಹೋಗುತ್ತದೆ. ಮೈಲೇಜ್ ಹೆಚ್ಚು ಬರುವ ಗುಟ್ಟುಗಳಲ್ಲಿ ಇದೂ ಒಂದು. ಆದರೆ ಪಂಪ್, ಸೆನ್ಸರ್, ಸಾಫ್ಟ್‌ವೇರ್ ಇವುಗಳಲ್ಲಿ ಯಾವುದು ಕೆಟ್ಟರೂ ಬ್ರೇಕ್ ಮೇಲೆ ಪರಿಣಾಮ ಆಗುತ್ತದೆ.

ಹಿಂದೆ ಏನಾಗಿತ್ತು?

ಹೈಬ್ರಿಡ್ ಬ್ರೇಕ್ ವಿಷಯ ಜಗತ್ತಿಗೆ ಗೊತ್ತಾಗಿದ್ದು 2010ರ ಫೆಬ್ರವರಿಯಲ್ಲಿ. ಟೊಯೋಟಾ ಕಂಪನಿ ಪ್ರಿಯಸ್ ಸೇರಿ ಸುಮಾರು 4.37 ಲಕ್ಷ ಹೈಬ್ರಿಡ್ ಕಾರುಗಳನ್ನು ವಾಪಸ್ ಕರೆಸಿತು. ತಗ್ಗುದಿಣ್ಣೆ ಅಥವಾ ಜಾರುವ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದಾಗ ಕ್ಷಣಕಾಲ ಹಿಡಿತ ತಪ್ಪಿದಂತೆ ಆಗುತ್ತಿತ್ತು. ಎಬಿಎಸ್‌ನ ಸಾಫ್ಟ್‌ವೇರ್ ಬದಲಿಸಿ ಸರಿಪಡಿಸಿದರು. 2013ರಲ್ಲಿ ಮತ್ತೆ ಸುಮಾರು 2.42 ಲಕ್ಷ ಕಾರು ಕರೆಸಿದರು. ಆ ಸಲ ಬ್ರೇಕ್ ಒತ್ತಡ ಕೂಡಿಡುವ ಭಾಗದಲ್ಲಿ ಬಿರುಕು ಬಿಡುವ ದೋಷ ಇತ್ತು.

ನಮ್ಮ ದೇಶದಲ್ಲೂ ರಿಕಾಲ್ ಹೊಸದಲ್ಲ:

- 2019ರ ಡಿಸೆಂಬರ್: ಸಿಯಾಜ್, ಎರ್ಟಿಗಾ, ಎಕ್ಸ್‌ಎಲ್6 ಸ್ಮಾರ್ಟ್ ಹೈಬ್ರಿಡ್ ಪೆಟ್ರೋಲ್ ಕಾರುಗಳು, 63,493. ಹೈಬ್ರಿಡ್ ಮೋಟಾರ್ ಜನರೇಟರ್ ತಪಾಸಣೆಗೆ.
- 2022ರ ಅಕ್ಟೋಬರ್: ವ್ಯಾಗನ್ ಆರ್, ಸೆಲೆರಿಯೊ, ಇಗ್ನಿಸ್, 9,925. ಹಿಂದಿನ ಬ್ರೇಕ್‌ನ ಪಿನ್ ಮುರಿಯುವ ಸಾಧ್ಯತೆ ಇತ್ತು. ಇವು ಹೈಬ್ರಿಡ್ ಅಲ್ಲ.
- 2023ರ ಜನವರಿ: ಗ್ರ್ಯಾಂಡ್ ವಿಟಾರಾ, 11,177. ಹಿಂದಿನ ಸೀಟ್ ಬೆಲ್ಟ್ ಬ್ರಾಕೆಟ್ ದೋಷ.
- 2023ರ ಏಪ್ರಿಲ್: ಬಲೆನೊ ಆರ್‌ಎಸ್, 7,213. ಬ್ರೇಕ್‌ಗೆ ಆಸರೆ ಕೊಡುವ ವ್ಯಾಕ್ಯೂಮ್ ಪಂಪ್ ದೋಷ. ಇದೂ ಹೈಬ್ರಿಡ್ ಅಲ್ಲ.

ಕೊನೆಯ ರಿಕಾಲ್ ನೋಡಿ. ಅದರಲ್ಲಿದ್ದ ಕಾರುಗಳು ತಯಾರಾಗಿದ್ದು 2016ರ ಅಕ್ಟೋಬರ್‌ನಿಂದ 2019ರ ನವೆಂಬರ್‌ವರೆಗೆ. ಅಂದ್ರೆ ಕೆಲವು ಗಾಡಿಗಳಿಗೆ ಆರು ವರ್ಷ ದಾಟಿದ ಮೇಲೆ ರಿಕಾಲ್ ಬಂತು. ಅಷ್ಟು ವರ್ಷದಲ್ಲಿ ಎಷ್ಟೋ ಗಾಡಿಗಳು ಕೈ ಬದಲಾಗಿರುತ್ತವೆ.

ಪತ್ರ ಹೋಗೋದು ಯಾರಿಗೆ?

ಗಡಿ ತಾಲ್ಲೂಕಿನವರು ಗಮನ ಕೊಡಬೇಕಾದ ಜಾಗ ಇದು. ಇಲ್ಲಿ ಓಡುವ ಕಾರುಗಳಲ್ಲಿ ಕೆಎ-23 ಎಷ್ಟೋ, ಸಾಂಗಲಿಯ ಎಂಎಚ್-10, ಕೊಲ್ಹಾಪುರದ ಎಂಎಚ್-09 ನಂಬರಿನವೂ ಕಾಣುತ್ತವೆ. ಮಿರಜ, ಸಾಂಗಲಿಯಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡು, ಆರ್‌ಸಿ ಹೆಸರು ಬದಲಿಸದೆ ಓಡಿಸುವವರೂ ಇದ್ದಾರೆ.

ರಿಕಾಲ್ ಘೋಷಣೆಯಾದಾಗ ಕಂಪನಿ ಫೋನ್ ಮಾಡುವುದು, ಪತ್ರ ಕಳಿಸುವುದು ತನ್ನ ದಾಖಲೆಯಲ್ಲಿರುವ ಮಾಲೀಕರಿಗೆ. ಗಾಡಿ ಮಾರಿದವರಿಗೆ ಮೆಸೇಜ್ ಬಂದರೆ ಅವರು ಅದನ್ನು ಅಳಿಸಿ ಸುಮ್ಮನಾಗಬಹುದು. ದೋಷವಿರುವ ಗಾಡಿ ಮಾತ್ರ ಇಲ್ಲಿ ಓಡುತ್ತಲೇ ಇರುತ್ತದೆ. ಆದ್ದರಿಂದ ಕಂಪನಿಯ ಫೋನ್ ಕಾಯುತ್ತಾ ಕೂರದೆ ತಾವೇ ನೋಡಿಕೊಳ್ಳುವುದು ಒಳ್ಳೆಯದು.

ಚಾಸಿ ನಂಬರ್ ಆರ್‌ಸಿಯಲ್ಲಿ ಇರುತ್ತದೆ. ಅಕ್ಷರ, ಅಂಕಿ ಸೇರಿ 17. ಮಾರುತಿ, ಹೋಂಡಾ ಕಂಪನಿಗಳ ವೆಬ್‌ಸೈಟ್‌ನಲ್ಲಿ ಈ ನಂಬರ್ ಹಾಕಿ ನೋಡಬಹುದು. ಮೊಬೈಲ್‌ನಲ್ಲಿ ತಿಳಿಯದಿದ್ದರೆ ಯಾವುದೇ ಅಧಿಕೃತ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ, ನಂಬರ್ ಹೇಳಿ, "ಈ ಗಾಡಿಗೆ ಬಾಕಿ ರಿಕಾಲ್ ಇದೆಯಾ?" ಅಂತ ಕೇಳಿದರೆ ಸಾಕು. ಗಾಡಿ ತಗೊಂಡ ಶೋರೂಮಿಗೇ ಹೋಗಬೇಕು ಅಂತೇನಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮುಂಗಡ ಕೊಡುವ ಮೊದಲೇ ಈ ಪ್ರಶ್ನೆ ಕೇಳಬೇಕು.

ಈ ಲಕ್ಷಣ ಕಂಡರೆ ತಡ ಮಾಡಬೇಡಿ

- ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಬ್ರೇಕ್ ದೀಪ ಅಥವಾ ಎಬಿಎಸ್ ದೀಪ ಆರದೆ ಉಳಿಯುವುದು. ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ.
- ಪೆಡಲ್ ಕಲ್ಲಿನಂತೆ ಗಟ್ಟಿಯಾಗುವುದು, ಇಲ್ಲವೇ ಮೆತ್ತಗಾಗಿ ಕೆಳಗೆ ಇಳಿಯುವುದು.
- ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಬ್ರೇಕ್ ಪಂಪ್‌ನ ಸದ್ದು ಮೊದಲಿಗಿಂತ ಪದೇ ಪದೇ ಕೇಳಿಸುವುದು.
- ಬ್ರೇಕ್ ಆಯಿಲ್ ಕಡಿಮೆಯಾಗುವುದು, ಗಾಲಿಯ ಬಳಿ ಹಸಿ ಕಾಣುವುದು.

ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಬ್ರೇಕ್ ಪ್ಯಾಡ್ ಹೆಚ್ಚು ದಿನ ಬಾಳುತ್ತದೆ. ಅರ್ಧ ಕೆಲಸ ಮೋಟಾರ್ ಮಾಡುವುದರಿಂದ ಸವೆತ ಕಡಿಮೆ. ಹಂಗಂತ ಬಿಚ್ಚಿ ನೋಡದೇ ಬಿಟ್ಟರೆ ಮಳೆಗಾಲದ ಕೆಸರು, ಎರೆಮಣ್ಣು ಕೂತು ಕ್ಯಾಲಿಪರ್ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಕೃಷ್ಣಾ ಹೊಳೆಯ ನೀರು ಬಂದಾಗ ನೀರಲ್ಲಿ ನಿಂತ ಗಾಡಿಯಾದರೆ ತಪಾಸಣೆ ಮಾಡಿಸದೆ ಓಡಿಸಲೇಬಾರದು.

ಪ್ಯಾಡ್ ಬದಲಿಸುವ ಸಣ್ಣ ಕೆಲಸಕ್ಕೂ ಸ್ಟ್ರಾಂಗ್ ಹೈಬ್ರಿಡ್ ಗೊತ್ತಿರುವ ಫಿಟ್ಟರ್ ಬೇಕು. ಬ್ರೇಕ್‌ನ ಗಾಳಿ ತೆಗೆಯಲು ಕೆಲವು ಮಾದರಿಗಳಿಗೆ ಕಂಪ್ಯೂಟರ್ ಸ್ಕ್ಯಾನರ್ ಜೋಡಿಸಬೇಕಾಗುತ್ತದೆ. ಕೇಸರಿ ಬಣ್ಣದ ದಪ್ಪ ವೈರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಕರೆಂಟ್ ಇರುತ್ತದೆ. ಅವನ್ನು ಮುಟ್ಟಬಾರದು.

ರಸ್ತೆಯಲ್ಲೇ ಬ್ರೇಕ್ ಹಿಡಿಯದಿದ್ದರೆ

ಎಕ್ಸಲರೇಟರ್‌ನಿಂದ ಕಾಲು ತೆಗೆಯಿರಿ. ಪೆಡಲ್ ಗಟ್ಟಿಯಾಗಿದ್ದರೆ ಬಲವೆಲ್ಲ ಹಾಕಿ ಒತ್ತಿ ಹಿಡಿಯಿರಿ, ಬೇಕಾದರೆ ಎರಡೂ ಕಾಲಿನಿಂದ. ಬೂಸ್ಟರ್ ಬಲ ಹೋದರೂ ಬ್ರೇಕ್ ಪೂರ್ತಿ ಸತ್ತಿರುವುದಿಲ್ಲ, ಒತ್ತುವ ಬಲ ಮಾತ್ರ ಹೆಚ್ಚು ಬೇಕಾಗುತ್ತದೆ. ಪೆಡಲ್ ಮೆತ್ತಗೆ ಕೆಳಗಿಳಿದರೆ ಬೇಗ ಬೇಗ ಒತ್ತಿ ಬಿಡಿ, ಒತ್ತಡ ಮರಳಬಹುದು.

ಮ್ಯಾನ್ಯುಯಲ್ ಗಾಡಿಯಾದರೆ ಒಂದೊಂದೇ ಗೇರ್ ಇಳಿಸಿ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ 'ಬಿ' ಅಂತ ಗೇರ್ ಇದ್ದರೆ ಅದಕ್ಕೆ ಹಾಕಿ, ವೇಗ ತಗ್ಗುತ್ತದೆ. ನ್ಯೂಟ್ರಲ್‌ಗೆ ಹಾಕಬೇಡಿ, ಹಾಕಿದರೆ ಮೋಟಾರ್‌ನ ತಡೆಯೂ ಹೋಗುತ್ತದೆ. ಹ್ಯಾಂಡ್ ಬ್ರೇಕ್ ಅನ್ನು ಒಮ್ಮೆಲೇ ಎಳೆಯದೆ ಮೆಲ್ಲಮೆಲ್ಲಗೆ ಎಳೆಯಿರಿ. ಗಾಡಿ ಓಡುತ್ತಿರುವಾಗ ಬಂದ್ ಮಾಡಬೇಡಿ, ಸ್ಟೀರಿಂಗ್ ಬಿಗಿಯಾಗುತ್ತದೆ. ಹಾರ್ನ್ ಹೊಡೆಯುತ್ತಾ, ನಾಲ್ಕೂ ಇಂಡಿಕೇಟರ್ ಹಾಕಿ ರಸ್ತೆ ಬದಿಗೆ ತನ್ನಿ.

ನಿಂತ ಮೇಲೆ ಮತ್ತೆ ಓಡಿಸುವ ಸಾಹಸ ಬೇಡ. ಡ್ಯಾಶ್‌ಬೋರ್ಡ್ ದೀಪ, ಕಿಲೋಮೀಟರ್ ಕಾಣುವಂತೆ ಫೋಟೊ ತೆಗೆಯಿರಿ. ಸ್ಟ್ರಾಂಗ್ ಹೈಬ್ರಿಡ್ ಅನ್ನು ಹಗ್ಗ ಕಟ್ಟಿ ಎಳೆಸಬಾರದು. ಮುಂದಿನ ಗಾಲಿ ತಿರುಗಿದರೆ ಮೋಟಾರ್ ಕೂಡ ತಿರುಗಿ ಹಾಳಾಗಬಹುದು. ಗಾಡಿಯನ್ನು ಪೂರ್ತಿ ಮೇಲೆ ಹೇರಿಕೊಂಡು ಹೋಗುವ ವಾಹನವನ್ನೇ ಕರೆಸಿ.

ಸರ್ವಿಸ್ ಸೆಂಟರ್‌ನಲ್ಲಿ

ಜಾಬ್ ಕಾರ್ಡ್‌ನಲ್ಲಿ 'ಜನರಲ್ ಚೆಕಪ್' ಅಂತ ಬರೆಯಲು ಬಿಡಬೇಡಿ. 'ಬ್ರೇಕ್ ಒತ್ತಿದಾಗ ಪೆಡಲ್ ಗಟ್ಟಿಯಾಯಿತು, ಕೆಂಪು ದೀಪ ಬಂತು' ಅಂತ ಆದದ್ದನ್ನೇ ಬರೆಸಿ, ಪ್ರತಿ ಇಸಿದುಕೊಳ್ಳಿ. ಸ್ಕ್ಯಾನರ್‌ನಲ್ಲಿ ಬಂದ ದೋಷದ ಕೋಡ್ ಕೂಡ ಬರೆಸಿಕೊಳ್ಳಿ. ಮುಂದೆ ಜಗಳ ಬಂದರೆ ಕೆಲಸಕ್ಕೆ ಬರುವುದು ಈ ಕಾಗದಗಳೇ.

ರಿಕಾಲ್ ಬೇರೆ, ವಾರಂಟಿ ಬೇರೆ. ವಾರಂಟಿಗೆ ವರ್ಷ, ಕಿಲೋಮೀಟರ್ ಲೆಕ್ಕ ಇದೆ. ಗ್ರ್ಯಾಂಡ್ ವಿಟಾರಾ, ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.60 ಲಕ್ಷ ಕಿ.ಮೀ. ವಾರಂಟಿ ಕೊಡುತ್ತಾರೆ. ಅದು ಬ್ಯಾಟರಿಗೆ, ಬ್ರೇಕ್‌ಗಲ್ಲ. ಬ್ರೇಕ್ ಪ್ಯಾಡ್ ಸವೆಯುವ ವಸ್ತು, ಅದರ ಖರ್ಚು ಮಾಲೀಕರದ್ದೇ. ಯಂತ್ರದೋಷದ ರಿಪೇರಿಯನ್ನು ಸಾಮಾನ್ಯ ಇನ್ಶೂರೆನ್ಸ್ ಕೂಡ ಭರಿಸುವುದಿಲ್ಲ.

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 110ಎ ಕಲಂ ಸೇರಿತು. ಜನರ ಜೀವಕ್ಕೆ ಅಪಾಯ ತರುವ ದೋಷ ಇದ್ದರೆ ಗಾಡಿಗಳನ್ನು ವಾಪಸ್ ಕರೆಸಿ ಅಂತ ಕೇಂದ್ರ ಸರ್ಕಾರ ಕಂಪನಿಗೆ ಆದೇಶ ಮಾಡಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. 7 ವರ್ಷದೊಳಗಿನ ಗಾಡಿಗಳಿಗೆ ಅನ್ವಯ. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಕಂಪನಿ ತಾನಾಗಿಯೇ ದೋಷ ಒಪ್ಪಿ ರಿಕಾಲ್ ಮಾಡಿದರೆ ದಂಡ ಇಲ್ಲ.

ಎಷ್ಟು ಮಾಲೀಕರು ದೂರು ಕೊಟ್ಟಿದ್ದಾರೆ ಅನ್ನೋದನ್ನೂ ಸರ್ಕಾರ ಲೆಕ್ಕಕ್ಕೆ ತಗೊಳ್ಳುತ್ತದೆ. ದೂರು ಕೊಡಲು ಕೇಂದ್ರದ ವಾಹನ್ ಪೋರ್ಟಲ್ ಇದೆ. ಗ್ಯಾರೇಜ್‌ನಲ್ಲಿ ಬೈದು ಬಂದರೆ ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಪೋರ್ಟಲ್‌ನಲ್ಲಿ ಹಾಕಿದರೆ ಸೇರುತ್ತದೆ.

ಸರ್ವಿಸ್ ಸೆಂಟರ್ ಕೇಳದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅದಕ್ಕೂ ಬಗ್ಗದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕಾರು ತಗೊಂಡಿದ್ದು ಸಾಂಗಲಿಯಲ್ಲಾದರೂ 2019ರ ಗ್ರಾಹಕ ಕಾಯ್ದೆ ಪ್ರಕಾರ ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. 2 ವರ್ಷದೊಳಗೆ ಹಾಕಬೇಕು.

ಇದಕ್ಕೆಲ್ಲ ಮೊದಲು ಆರ್‌ಸಿ ತಮ್ಮ ಹೆಸರಿನಲ್ಲಿರಬೇಕು. ಮಹಾರಾಷ್ಟ್ರದ ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು, ಫಾರ್ಮ್ 29, 30 ತುಂಬಿ ಹೆಸರು ಬದಲಿಸಿಕೊಳ್ಳಬೇಕು. ಹಾಗೆಯೇ ಸರ್ವಿಸ್ ಸೆಂಟರ್‌ನಲ್ಲಿ ಹಳೆ ಮಾಲೀಕರ ಮೊಬೈಲ್ ನಂಬರ್ ತೆಗೆಸಿ ತಮ್ಮ ನಂಬರ್ ಹಾಕಿಸಿದರೆ ಮುಂದಿನ ರಿಕಾಲ್ ಸುದ್ದಿ ನೇರ ತಮಗೇ ಬರುತ್ತದೆ.